ಕೊಟ್ಟೂರು ಹಳಿಯ ಗುಂಟ ಒಂದು ನಡಿಗೆ

ಎಂಟನೇ ತರಗತಿಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ಹಂಪಿಗೆ ಇತಿಹಾಸ ಇದೆ, ಚಿತ್ರದುರ್ಗಕ್ಕೆ ಇದೆ. ನಮ್ಮ ಊರಿಗೆ ಏನಿದೆ?" ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅವನ ಪ್ರಶ್ನೆ ನ್ಯಾಯವಾದದ್ದು. ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಮಕ್ಕಳಿಗೆ ಪಾಣಿಪತ್ ಕದನದ ಇಸವಿ ಗೊತ್ತು. ಮನೆಯ ಹಿಂದೆ ಹಾದು ಹೋಗುವ ರೈಲು ಹಳಿ ಎಂದು ಬಂತು, ಏಕೆ ಬಂತು ಎಂಬುದು ಗೊತ್ತಿಲ್ಲ. ತಪ್ಪು ಮಕ್ಕಳದಲ್ಲ, ಹೇಳಿಕೊಡದ ನಮ್ಮದು.

ಹಾಗಾಗಿ ಜನವರಿಯ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಕೆಲವು ವಿದ್ಯಾರ್ಥಿಗಳೊಡನೆ ಹಗರಿಬೊಮ್ಮನಹಳ್ಳಿಯಿಂದ ಮಾಲವಿ ಕಡೆಗೆ ನಡೆದೆ. ಹಳಿಯ ಮೇಲಲ್ಲ, ಹೊಲಗಳ ಬದುವಿನ ಮೇಲೆ, ಬಂಡಿ ಜಾಡಿನಲ್ಲಿ, ಹಳಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ. ಆ ನಡಿಗೆಯಲ್ಲಿ ಕಂಡದ್ದನ್ನೂ ಮಕ್ಕಳಿಗೆ ಹೇಳಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಬರದಿಂದ ಬಂದ ಆಲೋಚನೆ

ಈ ಸೀಮೆಯ ರೈಲಿನ ಕಥೆ ಇಂಜಿನ್ನಿನಿಂದ ಆರಂಭವಾಗುವುದಿಲ್ಲ, ಹಸಿವಿನಿಂದ ಆರಂಭವಾಗುತ್ತದೆ. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಂದಿನಿಂದ 1953ರವರೆಗೆ ನಾವು ಮದ್ರಾಸಿನ ಆಡಳಿತದಲ್ಲಿದ್ದೆವು. ಮಳೆ ಕಡಿಮೆ ಇರುವ ನಾಡು ಇದು. ಜೋಳ, ಸಜ್ಜೆ, ನವಣೆ, ಹತ್ತಿ ಎಲ್ಲವೂ ಮುಗಿಲು ನೋಡಿ ಬೆಳೆಯುವ ಬೆಳೆಗಳು.

1876ರಲ್ಲಿ ಮಳೆ ಕೈಕೊಟ್ಟಿತು. ಹಿಂದೂ ಪಂಚಾಂಗದ ಪ್ರಕಾರ ಅದು ಧಾತು ಸಂವತ್ಸರ. ಆದ್ದರಿಂದ ಜನ ಅದನ್ನು ಧಾತು ಬರ ಎಂದೇ ಕರೆದರು. 1878ರವರೆಗೆ ಮುಂದುವರಿದ ಆ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತದ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1871 ಮತ್ತು 1881ರ ಜನಗಣತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬಳ್ಳಾರಿ ಸೀಮೆಯ ಜನಸಂಖ್ಯೆ ಸುಮಾರು ಐದನೇ ಒಂದು ಭಾಗ ಕುಗ್ಗಿದ್ದು ಕಾಣುತ್ತದೆ. ಐದು ಜನರ ಮನೆಯಲ್ಲಿ ಒಬ್ಬರು ಇಲ್ಲವಾದರು ಎಂದು ಮಕ್ಕಳಿಗೆ ಹೇಳಿದೆ. ಅವರು ಮನಸ್ಸಿನಲ್ಲೇ ತಮ್ಮ ತಮ್ಮ ಮನೆಯವರನ್ನು ಎಣಿಸಿಕೊಂಡರು.

ಗಮನಿಸಬೇಕಾದ ಸಂಗತಿ ಒಂದಿದೆ. ಬರಕ್ಕೆ ಮೊದಲೇ ಬಳ್ಳಾರಿ ಪಟ್ಟಣಕ್ಕೆ ರೈಲು ಬಂದಿತ್ತು. ಧಾನ್ಯವೂ ಅಲ್ಲಿಯವರೆಗೆ ಬರಬಹುದಿತ್ತು. ಅಲ್ಲಿಂದ ಮುಂದೆ ಹಳ್ಳಿಗಳಿಗೆ ತಲುಪಿಸಬೇಕಾದದ್ದು ಎತ್ತಿನ ಗಾಡಿ. ಮೇವು ನೀರಿಲ್ಲದೆ ಎತ್ತುಗಳೇ ಸತ್ತ ಮೇಲೆ ಗಾಡಿ ಎಳೆಯುವವರು ಯಾರು? ಮನುಷ್ಯನಿಗಿಂತ ಮೊದಲು ಅವನ ಸಾಗಾಟ ಸಾಯುತ್ತದೆ ಎಂಬುದು ಕ್ಷಾಮದ ಕಠಿಣ ಪಾಠ. 1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರೈಲು ಮಾರ್ಗಗಳನ್ನು ಹಾಕಬೇಕೆಂದು ಒತ್ತಿ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಗಳನ್ನು ಅದರ ಮೀಟರ್ ಗೇಜ್ ಮಾರ್ಗ ಜೋಡಿಸಿತು. ಅದೇ ಕಂಪನಿಯ ಜಾಲದ ಕೊಂಬೆಯಾಗಿ 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಸುಮಾರು 70 ಕಿಲೋಮೀಟರ್ ಉದ್ದದ ಹಳಿ ತೆರೆಯಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ರೈಲು ಧಾನ್ಯವನ್ನು ತರುವಂತೆಯೇ ಒಯ್ಯಲೂ ಬಲ್ಲದು. ಹೆಚ್ಚು ಬೆಲೆ ಸಿಗುವ ಕಡೆಗೆ ಚೀಲಗಳು ಹೋಗುತ್ತವೆ. ಬರದ ಕಾಲದಲ್ಲೂ ದೇಶದ ಧಾನ್ಯ ಹಡಗು ಹತ್ತಿತು. ದಾದಾಭಾಯಿ ನವರೋಜಿಯವರಂಥ ಹಿರಿಯರು ಬ್ರಿಟಿಷರ ಕಾಲದಲ್ಲಿ ದೇಶದ ಸಂಪತ್ತು ಹೊರಗೆ ಹರಿಯುವುದನ್ನು ಲೆಕ್ಕ ಹಾಕಿ ತೋರಿಸಿದರು. ಹಳಿಗೆ ಕರುಣೆಯೂ ಇಲ್ಲ, ದ್ವೇಷವೂ ಇಲ್ಲ. ಅದು ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೊನೆಯ ನಿಲ್ದಾಣ

ಹಳಿ ಕೊಟ್ಟೂರಿನಲ್ಲಿ ನಿಂತಿತು. ಒಂದು ನೂರು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಮುಂದೆ ದಾರಿ ಇರಲಿಲ್ಲ. ಕೊನೆಯ ನಿಲ್ದಾಣವೆಂಬ ಮಾತಿನಲ್ಲಿ ನಷ್ಟವೂ ಇದೆ, ಲಾಭವೂ ಇದೆ. ಹರಪನಹಳ್ಳಿ ಕಡೆಯ ಬಂಡಿ, ಕೂಡ್ಲಿಗಿ ಕಡೆಯ ಬಂಡಿ ಎಲ್ಲವೂ ಕೊಟ್ಟೂರಿಗೆ ಬಂದೇ ರೈಲು ಹತ್ತಬೇಕು. ಗುರು ಕೊಟ್ಟೂರೇಶ್ವರರ ಹೆಸರಿನಿಂದ ಮೊದಲೇ ಪ್ರಸಿದ್ಧವಾಗಿದ್ದ ಊರು ಪೇಟೆಯಾಗಿಯೂ ಬೆಳೆಯಿತು. ಹತ್ತಿ, ಶೇಂಗಾ, ಹುಣಸೆ ಹಣ್ಣಿನ ವ್ಯಾಪಾರ ನಡೆಯುವಲ್ಲಿ ಹಮಾಲರು, ಗಾಡಿಯವರು, ಹತ್ತಿ ಹಿಂಜುವ ಪಿಂಜಾರರು, ದರ್ಜಿಗಳು, ಚಹಾ ಅಂಗಡಿಯವರು ಎಲ್ಲರೂ ಸೇರಿಕೊಳ್ಳುತ್ತಾರೆ. ಕನ್ನಡ, ಉರ್ದು, ತೆಲುಗು ಮೂರೂ ಮಾತು ಒಂದೇ ಜಗಲಿಯಲ್ಲಿ ಕೇಳಿಬರುವ ಊರುಗಳು ಹೀಗೆಯೇ ರೂಪುಗೊಳ್ಳುತ್ತವೆ. ನಮ್ಮ ಮನೆಯ ಉರ್ದುವಿನಲ್ಲಿ 'ಪಟ್ರಿ', ಬೀದಿಯ ಕನ್ನಡದಲ್ಲಿ 'ಹಳಿ', ಆದರೆ 'ಟೇಸನ್ನು' ಮಾತ್ರ ಎರಡರಲ್ಲೂ ಒಂದೇ.

ನಡೆಯುತ್ತಾ ಕಂಡದ್ದು

ಹೊಸಪೇಟೆಯಿಂದ ಹೊರಟರೆ ಮೊದಲು ತುಂಗಭದ್ರಾ ಅಣೆಕಟ್ಟಿನ ಸಮೀಪ, ನಂತರ ವ್ಯಾಸನಕೆರೆ, ಗುಂಡಾ ರೋಡ್, ಮರಿಯಮ್ಮನಹಳ್ಳಿ, ಹಂಪಾಪಟ್ಟಣ, ಹಗರಿಬೊಮ್ಮನಹಳ್ಳಿ, ಮಾಲವಿ, ಕೊಟ್ಟೂರು. ಒಂದು ಪಕ್ಕ ಸಂಡೂರಿನ ಕೆಂಪು ಗುಡ್ಡಗಳು, ಇನ್ನೊಂದು ಪಕ್ಕ ಜಲಾಶಯದ ಹಿನ್ನೀರು. ಗುಂಡಾ ರೋಡಿನಿಂದ ಇನ್ನೊಂದು ಕೊಂಬೆ ಸಂಡೂರು ಸೀಮೆಯ ಸ್ವಾಮಿಹಳ್ಳಿ ಕಡೆಗೆ ಅದಿರಿಗಾಗಿ ಹೋಗುತ್ತದೆ.

ಈ ಹಿನ್ನೀರನ್ನು ನೋಡಿ ಬರೀ 'ಎಷ್ಟು ಚೆಂದ' ಎಂದು ಸುಮ್ಮನಾಗಬಾರದು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಈ ಜಲಾಶಯದ ಅಡಿಯಲ್ಲಿ ಸುಮಾರು 90 ಹಳ್ಳಿಗಳಿವೆ. 50 ಸಾವಿರಕ್ಕೂ ಹೆಚ್ಚು ಜನ ಮನೆ, ಹೊಲ, ಗುಡಿ, ದರ್ಗಾ, ಸಮಾಧಿಗಳನ್ನು ಬಿಟ್ಟು ಎದ್ದು ಬಂದರು. ನಾರಾಯಣದೇವರಕೆರೆಯಂಥ ದೊಡ್ಡ ಊರೂ ಮುಳುಗಿತು. ಕೆಳಗಿನ ಗದ್ದೆಗಳು ಹಸಿರಾದದ್ದು ಇವರ ತ್ಯಾಗದಿಂದ. ಇಂದು ಆ ನೀರಿನ ಅಂಚಿನ ಅಂಕಸಮುದ್ರ ಕೆರೆಗೆ ಸಾವಿರಾರು ಹಕ್ಕಿಗಳು ಬರುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಮರಿಯಮ್ಮನಹಳ್ಳಿಯಾದರೋ ರಂಗಭೂಮಿಯ ಊರು. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದು ನಮ್ಮ ಸೀಮೆಗೆಲ್ಲ ಹೆಮ್ಮೆ.

ಹಗರಿಬೊಮ್ಮನಹಳ್ಳಿಯ ಹೆಸರಿನಲ್ಲಿರುವ ಹಗರಿ ಯಾವುದು ಎಂದು ಮಕ್ಕಳನ್ನು ಕೇಳಿದೆ. ಬಳ್ಳಾರಿಯ ಪಕ್ಕದಲ್ಲಿ ಹರಿಯುವ ವೇದಾವತಿಗೂ ಹಗರಿ ಎಂಬ ಹೆಸರಿದೆ. ನಮ್ಮದು ಅದಲ್ಲ, ಇದು ಚಿಕ್ಕಹಗರಿ. ಮಾಲವಿಯ ಬಳಿ ಇದಕ್ಕೆ ಅಡ್ಡಲಾಗಿ ಜಲಾಶಯ ಕಟ್ಟಿದ್ದಾರೆ. ಮುಂದೆ ಇದೂ ತುಂಗಭದ್ರೆಯನ್ನೇ ಸೇರುತ್ತದೆ.

ನಡೆಯುತ್ತಾ ಒಬ್ಬ ಹುಡುಗಿ ಕೇಳಿದಳು: "ಸರ್, ಹಳಿ ಏಕೆ ನೆಟ್ಟಗೆ ಹೋಗುವುದಿಲ್ಲ?" ಒಳ್ಳೆಯ ಪ್ರಶ್ನೆ. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಸುಲಭವಾಗಿ ಉರುಳುತ್ತದೆ, ಅದೇ ಕಾರಣಕ್ಕೆ ಏರಿನಲ್ಲಿ ಜಾರುತ್ತದೆ. ನೂರು ಅಡಿ ಹೋಗುವಾಗ ಒಂದು ಅಡಿ ಏರಿದರೂ ಗಾಡಿಗೆ ಅದು ಹೊರೆಯೇ. ಆದ್ದರಿಂದ ರೈಲು ದಾರಿ ದಿಬ್ಬವನ್ನು ಸುತ್ತಿ ಬಳಸುತ್ತದೆ. ಬಳಸಲಾಗದಿದ್ದರೆ ಕಡಿದು ಒಳಗೆ ನುಗ್ಗುತ್ತದೆ. ತಗ್ಗು ಬಂದರೆ ಮಣ್ಣಿನ ಏರಿ ಹಾಕಿಕೊಳ್ಳುತ್ತದೆ. ಹಳ್ಳ ಬಂದರೆ ಮೋರಿ ಕಟ್ಟಿಕೊಳ್ಳುತ್ತದೆ. ಮಣ್ಣು ಓದಲು ಬಲ್ಲವರಿಗೆ ಹಳಿಯ ಪ್ರತಿ ತಿರುವೂ ಒಂದು ಭೂಗೋಳದ ಪಾಠ. ಪುಸ್ತಕದಲ್ಲಿ ಹತ್ತು ಸಲ ಓದಿದ 'ಎರೆ ಮಣ್ಣು, ಮಸಾರಿ ಮಣ್ಣು' ಎಂಬ ವ್ಯತ್ಯಾಸವನ್ನು ಮಕ್ಕಳು ಅಂದು ಚಪ್ಪಲಿಗೆ ಅಂಟಿದ ಮಣ್ಣಿನಲ್ಲೇ ಕಲಿತರು.

ರೈಲು ನಿಂತ ಕಾಲ

1990ರ ದಶಕದಲ್ಲಿ ದೇಶದಲ್ಲೆಲ್ಲ ಮೀಟರ್ ಗೇಜ್ ಹಳಿಗಳನ್ನು ಬ್ರಾಡ್ ಗೇಜ್ ಮಾಡುವ ಯೋಜನೆ ನಡೆಯಿತು. ಮೀಟರ್ ಗೇಜಿನಲ್ಲಿ ಎರಡು ಹಳಿಗಳ ನಡುವೆ 1000 ಮಿಲಿಮೀಟರ್, ಬ್ರಾಡ್ ಗೇಜಿನಲ್ಲಿ 1676 ಮಿಲಿಮೀಟರ್. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಹೊಸಪೇಟೆಯ ಮುಖ್ಯ ಮಾರ್ಗ ದೊಡ್ಡದಾದ ಮೇಲೆ ಕೊಟ್ಟೂರಿನ ಪುಟ್ಟ ಕೊಂಬೆ ಮರದಿಂದ ಕತ್ತರಿಸಿಹೋದಂತಾಯಿತು. ಪ್ರಯಾಣಿಕರ ಗಾಡಿ ನಿಂತಿತು. ಮುಂದೆ ಕೊಂಬೆಯೂ ಬ್ರಾಡ್ ಗೇಜ್ ಆಯಿತು. ಆದರೂ ಜನರ ಗಾಡಿ ಬರಲಿಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲ ಜನ ಕಾದರು, ಅರ್ಜಿ ಕೊಟ್ಟರು, ಹೋರಾಟ ಮಾಡಿದರು.

ನನ್ನ ಬಾಲ್ಯ ಕಳೆದದ್ದು ಆ ಮೌನದ ಕಾಲದಲ್ಲಿ. ನಮಗೆ ಹಳಿಯೆಂದರೆ ಶಾಲೆಗೆ ಹೋಗುವ ಅಡ್ಡದಾರಿ. ಹಳಿಯ ನಡುವೆ ತುಂಬೆ, ಉತ್ತರಾಣಿ ಬೆಳೆದಿದ್ದವು, ಆಡುಗಳು ಮೇಯುತ್ತಿದ್ದವು. ಒಂದು ಸ್ಲೀಪರಿನಿಂದ ಇನ್ನೊಂದಕ್ಕೆ ಹೆಜ್ಜೆ ಹಾಕುತ್ತಾ ಮಗ್ಗಿ ಬಾಯಿಪಾಠ ಮಾಡಿದ್ದೇನೆ. ನಮಗೆ ಅದು ಆಟ. ನನ್ನ ಅಕ್ಕನಿಗೆ ಹಾಗಿರಲಿಲ್ಲ. ಅವಳು ಹೊಸಪೇಟೆಯಲ್ಲಿ ಪಿಯುಸಿ ಓದುತ್ತಿದ್ದಳು. ಗಾಡಿ ನಿಂತ ಮೇಲೆ ಬಸ್ಸಿನ ಖರ್ಚು ಹೆಚ್ಚಾಯಿತು, ಹೊತ್ತು ಹೊಂದಲಿಲ್ಲ, "ಹೆಣ್ಣುಮಗಳು ಕತ್ತಲಾದ ಮೇಲೆ ಬರುವುದು ಬೇಡ" ಎಂದು ಮನೆಯಲ್ಲಿ ಮಾತಾಯಿತು. ಅವಳ ಪುಸ್ತಕಗಳು ಟ್ರಂಕಿನೊಳಗೆ ಹೋದವು. ರೈಲು ನಿಂತದ್ದರಿಂದ ಅಕ್ಕನ ಓದು ನಿಂತಿತು ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಈಗ ಹಾಗೆ ಹೇಳಲು ನಾಚಿಕೆಯಾಗುತ್ತದೆ. ಅದೇ ಬಸ್ಸಿಗೆ ಹಣ ಹೊಂದಿಸಿ ಮನೆಯವರು ಮುಂದೆ ನನ್ನನ್ನು ಬಿ.ಎಡ್. ವರೆಗೆ ಓದಿಸಿದರು. ರೈಲು ನಿಂತದ್ದು ನಿಜ. ಅವಳನ್ನು ನಿಲ್ಲಿಸಿದವರು ನಾವು. ಈ ಮಾತನ್ನು ಅಂದು ಮಕ್ಕಳ ಮುಂದೆಯೂ ಹೇಳಿದೆ.

ಮತ್ತೆ ಸೀಟಿ

ಇತ್ತ ಹರಿಹರದಿಂದ ಕೊಟ್ಟೂರಿಗೆ ಹೊಸ ಹಳಿ ಬಂತು. ಹರಪನಹಳ್ಳಿಗೆ ರೈಲು ಬಂದದ್ದು ಅದೇ ಮೊದಲು. ಕೊಟ್ಟೂರು ಕೊನೆಯ ನಿಲ್ದಾಣವಾಗಿ ಉಳಿಯಲಿಲ್ಲ, ನಡುವಿನ ನಿಲ್ದಾಣವಾಯಿತು. 2019ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿನ ಮೂಲಕ ಹರಿಹರಕ್ಕೆ ಪ್ರಯಾಣಿಕರ ಗಾಡಿ ಓಡಿದಾಗ ಊರೂರುಗಳಲ್ಲಿ ಜನ ಹಬ್ಬದಂತೆ ಸೇರಿದರು. ಮರುವರ್ಷ ಮಾರ್ಚಿನಲ್ಲಿ ಕೋವಿಡ್ ಬಂದು ದೇಶದ ಎಲ್ಲ ಗಾಡಿಗಳಂತೆ ಇದೂ ನಿಂತಿತು. ಬಂದ ಸೌಲಭ್ಯ ತಾನಾಗಿಯೇ ಉಳಿಯುವುದಿಲ್ಲ ಎಂಬುದನ್ನು ನಮ್ಮ ಸೀಮೆ ಎರಡು ಸಲ ಕಲಿಯಿತು. 2021ರಲ್ಲಿ ಹೊಸಪೇಟೆಯ ಜೊತೆಗೆ ನಮ್ಮ ಈ ಐದು ತಾಲೂಕುಗಳು ಸೇರಿ ವಿಜಯನಗರ ಜಿಲ್ಲೆಯಾಯಿತು. ಆದರೆ ಮಲ್ಲಿಗೆಯ ಹಡಗಲಿಗೂ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿರುವ ಕೂಡ್ಲಿಗಿಗೂ ರೈಲು ಇನ್ನೂ ಕನಸೇ.

ರೈಲು ಶಾಶ್ವತವಾಗಿ ನಿಂತುಹೋದ ದೇಶಗಳಲ್ಲಿ ಹಳೆಯ ಹಳಿಗಳನ್ನು ಕಿತ್ತು ನಡೆಯುವ ದಾರಿ ಮಾಡಿದ್ದಾರೆ. ಸ್ಪೇನ್ ದೇಶ 1993ರಿಂದ ಇಂಥ 'ಹಸಿರು ದಾರಿ'ಗಳನ್ನು ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ಮಾಡಿದೆ. ಅಮೆರಿಕದಲ್ಲೂ ಇವು ಬಹಳ. ಏರಿಳಿತ ಕಡಿಮೆ ಇರುವುದರಿಂದ ವೃದ್ಧರೂ ಮಕ್ಕಳೂ ಗಾಲಿಕುರ್ಚಿಯವರೂ ಅಲ್ಲಿ ಹೋಗಬಲ್ಲರು. ನಮ್ಮ ರಾಜ್ಯದಲ್ಲೇ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿ 1996ರಲ್ಲಿ ಗೇಜ್ ಬದಲಾವಣೆಗೆ ಮುಚ್ಚಿದ್ದಾಗ ಯುವಕರು ಅಲ್ಲಿನ ಸುರಂಗಗಳಲ್ಲಿ ಚಾರಣ ಮಾಡುತ್ತಿದ್ದರು. 2006ರಿಂದ ಅಲ್ಲಿ ಮತ್ತೆ ಗಾಡಿ ಓಡುತ್ತಿದೆ. ಅಲ್ಲಾಗಲಿ ಇಲ್ಲಾಗಲಿ ಈಗ ಹಳಿಯ ಮೇಲೆ ನಡೆಯುವುದು ಪ್ರಾಣಕ್ಕೆ ಅಪಾಯ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ನಾನು ಬಾಲ್ಯದಲ್ಲಿ ಮಾಡಿದ್ದನ್ನು ನೀವು ಮಾಡಬೇಡಿ. ಹಳಿಯ ಗುಂಟ ಹೊಲದ ದಾರಿಗಳಿವೆ, ಅವು ಸಾಕು.

ಅಂದು ಸಂಜೆ ಮಾಲವಿ ತಲುಪುವ ಹೊತ್ತಿಗೆ ಮಕ್ಕಳ ಕಾಲು ಸೋತಿತ್ತು, ಬಾಯಿ ಸೋತಿರಲಿಲ್ಲ. ಇತಿಹಾಸ ಇಲ್ಲವೆಂದಿದ್ದ ಹುಡುಗ ಮರುದಿನ ತನ್ನ ಅಜ್ಜಿಯನ್ನು ಕೇಳಿ ಎರಡು ಪುಟ ಬರೆದು ತಂದ: ಅವರು ಮದುವೆಯಾಗಿ ಬಂದದ್ದು ಇದೇ ಗಾಡಿಯಲ್ಲಂತೆ, ದಾರಿಯುದ್ದಕ್ಕೂ ಅತ್ತರಂತೆ, ಕಿಟಕಿಯಿಂದ ಕೆಂಡದ ಕಿಡಿ ಬಂದು ಓಢನಿ ಸುಟ್ಟಿತಂತೆ. ಆ ಎರಡು ಪುಟಗಳನ್ನು ಶಾಲೆಯ ಗೋಡೆಗೆ ಅಂಟಿಸಿದ್ದೇನೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದಾರೆ. ಅವರ ಬಳಿ ಕುಳಿತು ಕೇಳಿ, ಬರೆದಿಡಿ, ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ. ಸಂಸ್ಥೆಯ ಸದಸ್ಯರಲ್ಲಿಯೂ ಒಂದು ವಿನಂತಿ. ದೂರದ ಕಾಲೇಜಿಗೆ ಹೋಗಬೇಕಾದ ಹೆಣ್ಣುಮಕ್ಕಳ ಪ್ರಯಾಣದ ಖರ್ಚನ್ನು ವಿದ್ಯಾರ್ಥಿವೇತನದ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಫೀಜು ಕಟ್ಟಿದ ಮಾತ್ರಕ್ಕೆ ಮಗು ಕಾಲೇಜು ತಲುಪುವುದಿಲ್ಲ. ನನ್ನ ಅಕ್ಕನ ಮಗಳು ಈಗ ಹೊಸಪೇಟೆಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಗಾಡಿ ಬಂದ ದಿನ ಗಾಡಿಯಲ್ಲಿ, ಬಾರದ ದಿನ ಬಸ್ಸಿನಲ್ಲಿ ಹೋಗುತ್ತಾಳೆ. ಹೋಗುವುದನ್ನು ಮಾತ್ರ ಬಿಟ್ಟಿಲ್ಲ.