ಉಪಾಧ್ಯಾಯರಿಗೆ ಬಿಟ್ಟ ಭೂಮಿ

ಇಂದಿನ ಕನ್ನಡದಲ್ಲಿ ಕಸುಬು ಅಥವಾ ಉದ್ಯೋಗ ಎಂಬ ಅರ್ಥದಲ್ಲಿ ಬಳಕೆಯಾಗುವ ‘ವೃತ್ತಿ’ ಎಂಬ ಮಾತಿಗೆ ಶಾಸನಗಳಲ್ಲಿ, ಒಬ್ಬನ ಜೀವನೋಪಾಯಕ್ಕೆಂದು ಬಿಟ್ಟುಕೊಟ್ಟ ಭೂಮಿ ಅಥವಾ ಅದರ ಹುಟ್ಟುವಳಿಯ ಪಾಲು ಎಂಬ ಅರ್ಥವಿದೆ. ವಿದ್ಯಾದಾನವನ್ನು ಹೇಳುವ ಶಾಸನಗಳು ಸಾಮಾನ್ಯವಾಗಿ ಈ ಭೂಮಿಯ ಅಳತೆಯನ್ನೂ ಹೇಳುತ್ತವೆ. ಪಾಂಡಿತ್ಯವನ್ನು ಹೊಗಳುವ ಪದ್ಯಭಾಗ ಮುಗಿದ ಮೇಲೆ ಬರುವ ನಿವರ್ತನ, ಮತ್ತರು ಎಂಬ ಲೆಕ್ಕದ ಸಾಲುಗಳಲ್ಲೇ ಅಂದಿನ ಶಿಕ್ಷಣದ ನಿಜಸ್ಥಿತಿ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಮೇಲಿರುವ, ಕ್ರಿ.ಶ. 945ರ ಸಂಸ್ಕೃತ ಶಾಸನ ಇದಕ್ಕೆ ಒಳ್ಳೆಯ ನಿದರ್ಶನ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಂದು ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಿನ ತ್ರೈಪುರುಷ ದೇವಾಲಯಕ್ಕೆ ಸೇರಿದಂತೆ ಶಾಲೆಯೊಂದನ್ನು ಕಟ್ಟಿಸಿದನು; ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದರು. ಶಾಲೆಗೆ 500 ನಿವರ್ತನ ಭೂಮಿ, ವಿದ್ಯಾರ್ಥಿಗಳಿಗೆ 27 ಮನೆಗಳು, ಉಪಾಧ್ಯಾಯರಿಗೆ 50 ನಿವರ್ತನ, ದೀಪಕ್ಕೆ 12 ನಿವರ್ತನ ಎಂದು ಶಾಸನ ವಿಂಗಡಿಸುತ್ತದೆ. ಉಪಾಧ್ಯಾಯರ ಪಾಲಿನ ಕಾಲುಭಾಗದಷ್ಟು ನೆಲ ಬರಿಯ ದೀಪದೆಣ್ಣೆಗೇ ಮೀಸಲಾಗಿತ್ತೆಂದರೆ, ಹೊತ್ತು ಮುಳುಗಿದ ಮೇಲೂ ಅಲ್ಲಿ ಪಾಠಪ್ರವಚನ ನಡೆಯುತ್ತಿತ್ತೆಂದು ಊಹಿಸಬಹುದು. ಊರಿನವರಿಗೂ ಇದರಲ್ಲಿ ಹೊಣೆಯಿತ್ತು: ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ ಎಂಬಂತೆ ಪ್ರತಿಯೊಂದು ಶುಭಕಾರ್ಯದಲ್ಲೂ ಶಾಲೆಗೆ ಕಾಣಿಕೆ ಸಲ್ಲಬೇಕಾಗಿತ್ತು.

ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನ, ಅಂದರೆ ಉನ್ನತ ವ್ಯಾಸಂಗದ ಕೇಂದ್ರ, ಇದಕ್ಕಿಂತ ವಿಸ್ತಾರವಾದುದು. ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನದಲ್ಲಿ ವೇದ ಹೇಳುವವರಷ್ಟೇ ಅಲ್ಲದೆ ಭಾಟ್ಟ ಮತ್ತು ಪ್ರಾಭಾಕರ ಎಂಬ ಮೀಮಾಂಸೆಯ ಎರಡು ಪಂಥಗಳನ್ನೂ ನ್ಯಾಸವೆಂಬ ವ್ಯಾಕರಣಗ್ರಂಥವನ್ನೂ ವ್ಯಾಖ್ಯಾನಿಸುವವರಿಗೆ ಬೇರೆ ಬೇರೆಯಾಗಿ ಭೂಮಿಯ ಏರ್ಪಾಡಿದೆ. ‘ಸರಸ್ವತೀ ಭಂಡಾರಿಗ’ರೆಂದು ಕರೆಯಲಾದ ಆರು ಮಂದಿ ಗ್ರಂಥಪಾಲಕರಿಗೂ ಬೋಧಕರಂತೆಯೇ ಭೂಮಿ ದೊರೆತಿತ್ತು, ಓಲೆಗರಿಯನ್ನು ಕಾಯುವುದೂ ಪ್ರತಿಮಾಡಿಸುವುದೂ ಎಷ್ಟು ದುಡಿಮೆ ಬೇಡುವ ಕೆಲಸಗಳೆಂಬುದನ್ನು ಬಲ್ಲವರಿಗೆ ಇದು ಅತಿಯೆನಿಸದು. ತಾಳಗುಂದದಲ್ಲಿ 12ನೆಯ ಶತಮಾನದ ಹೊತ್ತಿಗೆ ವೇದಶಾಸ್ತ್ರಗಳ ಬೋಧಕರೊಡನೆ ಬಾಲಕರಿಗೆ ಕನ್ನಡ ಕಲಿಸುವವನೂ ಇದ್ದನು.

ಬಿರುದುಗಳ ಬಗೆ ಬೇರೆ. ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನಿತ್ತವನೂ ಇದೇ ಮೂರನೆಯ ಕೃಷ್ಣನೇ. ಆದರೆ ಬಿರುದು ಪಡೆದವನೊಡನೆ ಮುಗಿಯುವಂಥದು, ಸ್ಥಾನಕ್ಕೆ ಬಿಟ್ಟ ಭೂಮಿಯಾದರೋ ಒಬ್ಬ ಉಪಾಧ್ಯಾಯನ ತರುವಾಯ ಮತ್ತೊಬ್ಬನಿಗೆ ಸಲ್ಲುವಂಥದು. ಆಸ್ಥಾನದ ಮನ್ನಣೆಗಿಂತ ಈ ಸಾಧಾರಣ ಏರ್ಪಾಡೇ ವಿದ್ಯೆಯನ್ನು ಹೆಚ್ಚು ಕಾಲ ಸಲಹಿತೆಂದು ತೋರುತ್ತದೆ. ಸೇವುಣ ಸಿಂಘಣನ ಆಸ್ಥಾನ ಜ್ಯೋತಿಷಿ ಚಾಂಗದೇವನು ತನ್ನ ಅಜ್ಜ ಭಾಸ್ಕರಾಚಾರ್ಯನ ಗ್ರಂಥಗಳ ಅಧ್ಯಯನಕ್ಕೆಂದೇ ಖಾನದೇಶದ ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದಾಗ, 1207ರಲ್ಲಿ ಅದಕ್ಕೆ ದತ್ತಿಯಿತ್ತ ನಿಕುಂಭ ಮನೆತನದ ಸೋಯಿದೇವನ ಶಾಸನವು ಕೂಡ ಭಾಸ್ಕರಾಚಾರ್ಯನ ಪಾಂಡಿತ್ಯದ ಹೊಗಳಿಕೆಯಿಂದ ಆರಂಭಿಸಿ, ಊರಿನ ಗಾಣಗಳಿಂದ ಸಲ್ಲಬೇಕಾದ ಎಣ್ಣೆಯ ಲೆಕ್ಕಕ್ಕೆ ಇಳಿಯುತ್ತದೆ.

ಈ ನೆಲಗಳನ್ನು ಉತ್ತು ಬೆಳೆದವರು ಯಾರೆಂಬುದನ್ನು ಶಾಸನಗಳು ಹೇಳುವುದು ಅಪರೂಪ. ಅವರ ಮಕ್ಕಳಿಗೆ ವೇದಶಾಸ್ತ್ರಗಳ ಪಾಠದಲ್ಲಿ ಪ್ರವೇಶವಿರಲಿಲ್ಲ. ದಾನಿಯ ಉದಾರತೆಯನ್ನು ಅಳೆಯುವಾಗ ಈ ಸಂಗತಿಯನ್ನು ಬದಿಗಿರಿಸುವಂತಿಲ್ಲ. ಭೂಮಿ ಇದ್ದ ಮಾತ್ರಕ್ಕೆ ಕಟ್ಟಡ ನಿಲ್ಲುತ್ತದೆಂಬ ಭರವಸೆಯೂ ಇರಲಿಲ್ಲ. ಸಾಲೋಟಗಿಯ ಅದೇ ಕಂಬದ ಮೇಲೆ ಮುಂದೆ ಕೆತ್ತಲಾದ ಕನ್ನಡ ಶಾಸನವು, ನಾರಾಯಣನು ಕಟ್ಟಿಸಿದ್ದ ಶಾಲೆ ಹಾಳಾಗಲು ಸೇಲಾರ ವಂಶದ ಕಂಚಿಗನು ಅದನ್ನು ಮತ್ತೆ ಎತ್ತಿಸಿದನೆಂದು ತಿಳಿಸುತ್ತದೆ. ಶಾಲೆಯ ಪಾವಿಟ್ಟಗೆ ಎಂಬ ಹೆಸರೇ ಆಡುಬಾಯಲ್ಲಿ ಸವೆದು ಸಾಲೋಟಗಿಯಾಗಿ ಉಳಿದಿದೆ.