ಘಟ್ಟ ಇಳಿದು ಉಪ್ಪು ಮಾಡಿದವರು

ಭಾಗ 1

ಇಟಗಿಯಿಂದ ಶುರುವಾದ ನಮ್ಮ ಇತಿಹಾಸದ ಸರಣಿ ಈ ಸಲ ಕಡಲಿಗೆ ಬಂದೈತಿ. ಮಹಾದೇವ ದೇವಾಲಯದ ಕಂಬ, 1112ನೇ ಇಸವಿ, ಮಹಾದೇವ ದಂಡನಾಯಕ, ಇವನ್ನೆಲ್ಲ ಓದಿ ಓದಿ ನಿಮಗೂ ಸಾಕಾಗಿರಬೇಕು. (ಸುಳ್ಳು ಹೇಳಬ್ಯಾಡ್ರಿ, ಹೋದ ಕಂತಿಗೆ ಎಷ್ಟು ಲೈಕ್ ಬಿದ್ದಾವು ಅಂತ ನನಗೆ ಗೊತ್ತೈತಿ.)

ಕೊಪ್ಪಳದಿಂದ ಗದಗಿಗೆ ಹೋಗುವ ದೊಡ್ಡ ರಸ್ತೆ ನಿಮಗೆಲ್ಲ ಗೊತ್ತು. ಈಗ ಅದರ ನಂಬರ್ ಬದಲಾಗೈತಿ, ಆದರೆ ಮೊದಲು ಅದು ರಾಷ್ಟ್ರೀಯ ಹೆದ್ದಾರಿ 63. ಆಂಧ್ರದ ಗುತ್ತಿಯಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಆ ರಸ್ತೆ ಮುಗಿಯುತ್ತಿದ್ದದ್ದು ಅಂಕೋಲಾದಲ್ಲಿ. ಅಂದರೆ ನಮ್ಮೂರ ಹತ್ತಿರದ ರಸ್ತೆಯ ಇನ್ನೊಂದು ತುದಿ ಸಮುದ್ರ! ಬಸ್ಸಿಗೆ ಕಾಯುತ್ತ ನಿಂತಾಗ ಇದನ್ನು ನಮಗ್ಯಾರೂ ಹೇಳಿರಲಿಲ್ಲ.

ನಾನು ಮೂರು ತಿಂಗಳಿಂದ ಈ ತುದಿಯಲ್ಲಿದ್ದೇನೆ. ವಾರಕ್ಕೆರಡು ಮುಂಜಾನೆ ಒಂದು ಗುಂಪಿನ ಜೊತೆ ದಂಡೆಯ ಪ್ಲಾಸ್ಟಿಕ್ ಆರಿಸುವುದು, ಉಳಿದ ಹೊತ್ತು ಗುಡ್ಡ ಹತ್ತಿ ಇಳಿಯುವುದು. ಆದರೆ ಇಂದಿನ ಕತೆ ನನ್ನದಲ್ಲ. ನನಗಿಂತ ತೊಂಬತ್ತು-ಚಿಲ್ಲರೆ ವರ್ಷ ಮೊದಲೇ ಘಟ್ಟ ಇಳಿದು ಬಂದ ಸ್ವಯಂಸೇವಕರದ್ದು, ಅದಕ್ಕಿಂತ ಹೆಚ್ಚಾಗಿ ಅವರಿಗೆ ಜಾಗ ಕೊಟ್ಟ ಊರಿನದ್ದು.

ಭಾಗ 2

1930. ಮಾರ್ಚ್ 12ಕ್ಕೆ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ನಡೆಯಲು ಹೊರಟರು. ಜೊತೆಗಿದ್ದ 78 ಮಂದಿಯಲ್ಲಿ ಕನ್ನಡದವನು ಒಬ್ಬನೇ: ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ವಯಸ್ಸು ಇನ್ನೂ ಇಪ್ಪತ್ತು ದಾಟಿರಲಿಲ್ಲ. ನಮ್ಮ ವಯಸ್ಸೇ ಅನ್ನಿ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವನೂ ಇವನೇ. ಅವನ ಮೇಲೆ ಬೇರೆ ಕಂತೇ ಬೇಕು, ಬರೆಯುತ್ತೇನೆ.

ಏಪ್ರಿಲ್ 6ಕ್ಕೆ ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಒಂದು ವಾರ ಬಿಟ್ಟು, ಏಪ್ರಿಲ್ 13ರ ಭಾನುವಾರ, ಕರ್ನಾಟಕದ ಸರದಿ. ಅದು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ದಿನವೂ ಹೌದು. ಕರ್ನಾಟಕ ಪ್ರಾಂತ ಕಾಂಗ್ರೆಸ್ ಆರಿಸಿದ ಜಾಗ ಅಂಕೋಲಾ. ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಸಾವಿರಾರು ಜನರ ಎದುರು ಕಾನೂನು ಮುರಿಯಲಾಯಿತು.

ಒಂದು ಹಿಡಿ ಉಪ್ಪಿಗೆ ಇಷ್ಟೆಲ್ಲಾ ಯಾಕ ಅಂತ ಕೇಳ್ತೀರಿ. ಆಗ ಒಂದು ಮಣ ಉಪ್ಪಿಗೆ, ಅಂದರೆ ಸುಮಾರು 37 ಕಿಲೋಗೆ, ತೆರಿಗೆ 1 ರೂಪಾಯಿ 4 ಆಣೆ. ಸಮುದ್ರ ಮನೆ ಬಾಗಿಲಿಗೇ ಇದ್ದರೂ ಸರ್ಕಾರದ ಅನುಮತಿ ಇಲ್ಲದೆ ಉಪ್ಪು ಮಾಡುವಂತಿಲ್ಲ. ಬಡವನಾಗಲಿ ಸಾವ್ಕಾರನಾಗಲಿ, ಉಪ್ಪು ತಿನ್ನದವರಿಲ್ಲ. ಗಾಂಧೀಜಿ ಆರಿಸಿದ ವಿಷಯದ ಜಾಣತನ ಇದೇ.

ಭಾಗ 3 (ಸ್ವೈಪ್ ಮಾಡಿ, ಆಗರದ ಫೋಟೊ ನೋಡಿ)

ಈ ಫೋಟೊ ಗೋಕರ್ಣದ ಹತ್ತಿರದ ಸಾಣಿಕಟ್ಟಾದ್ದು. ಅಘನಾಶಿನಿ ನದಿಯ ಅಳಿವೆ ಬಳಿ ಇರುವ ಹಳೇ ಉಪ್ಪಿನ ಆಗರ. ಭರತದ ನೀರನ್ನು ತೂಬಿನಿಂದ ಒಳಗೆ ಬಿಡುತ್ತಾರೆ. ಬಿಸಿಲಿಗೆ ನೀರು ಆರಿ ಗಟ್ಟಿಯಾಗುತ್ತ ಹೋದಂತೆ ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸುತ್ತಾರೆ. ಕೊನೆಯ ಮಡಿಗಳ ನೆಲ ನಮ್ಮ ಕಣದ ಹಾಗೆ ತುಳಿದು, ಬಡಿದು ಹದ ಮಾಡಿದ್ದು. ಇಲ್ಲದಿದ್ದರೆ ಉಪ್ಪಿಗಿಂತ ಮಣ್ಣೇ ಜಾಸ್ತಿ ಬರುತ್ತದೆ. ಹರಳು ಕೂತ ಮೇಲೆ ಎಳೆದು ದಂಡೆಗೆ ರಾಶಿ ಹಾಕುತ್ತಾರೆ. ಇಷ್ಟೂ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು, ಜೂನ್ ಮಳೆ ಬಿತ್ತೋ, ಎಲ್ಲಾ ನೀರಾಯಿತು. ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಆದರೆ ಸಾಕು ಅಂತೀವಿ, ಇಲ್ಲಿ 3,000 ದಾಟುತ್ತದೆ.

ಈ ಕೆಲಸ ಧಾರವಾಡ, ಹುಬ್ಬಳ್ಳಿಯ ವಿದ್ಯಾರ್ಥಿಗೆ ಹೇಗೆ ಗೊತ್ತಿರಬೇಕು ಹೇಳಿ? ಅವರಿಗೆ ಗೊತ್ತಿದ್ದದ್ದು ಶಿಸ್ತು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಾಕಿನಾಡ ಅಧಿವೇಶನದ ಹೊತ್ತಿಗೆ ಕಟ್ಟಿದ ಹಿಂದೂಸ್ತಾನಿ ಸೇವಾದಳ ಇತ್ತು. ಸಾಲಾಗಿ ನಡೆಯುವುದು, ಶಿಬಿರ ಹೂಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಸಾವಿರಾರು ಜನ ಸೇರುವ ಕಡೆ ಸ್ವಚ್ಛತೆ ನೋಡಿಕೊಳ್ಳುವುದು, ಇದೆಲ್ಲ ಅಲ್ಲಿನ ಪಾಠ. 1924ರ ಬೆಳಗಾವಿ ಅಧಿವೇಶನ ಅದರ ದೊಡ್ಡ ಪರೀಕ್ಷೆ. ಹೆಣ್ಣುಮಕ್ಕಳ ದಳ ನೋಡಿಕೊಂಡವರು ಉಮಾಬಾಯಿ ಕುಂದಾಪುರ. ಈಗ ನಮ್ಮ ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಮಾಡುವುದರಲ್ಲಿ ಅರ್ಧಕ್ಕರ್ಧ ಇದೇ ಅಲ್ಲವಾ?

ಶಿಸ್ತು ಮೇಲಿನಿಂದ ಬಂತು, ಉಪ್ಪಿನ ಜ್ಞಾನ ಕೆಳಗಿತ್ತು. ಅಂಕೋಲಾಕ್ಕೆ ಆಗ ರೈಲು ಇಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದೇ 1998ರಲ್ಲಿ. ದಟ್ಟ ಕಾಡಿನ ಘಟ್ಟ ಇಳಿದು ಬಂದವರಿಗೆ ಏಪ್ರಿಲ್ ತಿಂಗಳ ಆ ಬೆವರು, ಜೋಳದ ರೊಟ್ಟಿ ತಿಂದ ಬಾಯಿಗೆ ಕುಚ್ಚಲಕ್ಕಿ ಗಂಜಿ. ಊಹಿಸಿಕೊಳ್ಳಿ. ನನಗೇ ಆ ಗಂಜಿ ರುಚಿ ಹತ್ತಲು ಹದಿನೈದು ದಿನ ಬೇಕಾಯಿತು, ನಮ್ಮನೆಯಿಂದ ಶೇಂಗಾ ಚಟ್ನಿ ಬಂದ ಮೇಲೆ ಬದುಕಿದೆ.

ಭಾಗ 4

ಇಲ್ಲಿಯವರೆಗಿನ ಕತೆ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಮುಂದಿನದನ್ನು ನಾವು ಅಷ್ಟು ಮಾತಾಡುವುದಿಲ್ಲ.

ಉಪ್ಪು ಮಾಡಿ ಮುಗಿಸಿದ ಸ್ವಯಂಸೇವಕ ಜೈಲಿಗೆ ಹೋದ, ಶಿಕ್ಷೆ ಮುಗಿಸಿ ತನ್ನೂರಿಗೆ ಹೋದ. ಅದೇನು ಸಣ್ಣ ಮಾತಲ್ಲ. ಆದರೆ ಊರವರು ಎಲ್ಲಿಗೆ ಹೋಗಬೇಕು? 1930ರ ದಶಕದ ಮೊದಲ ವರ್ಷಗಳಲ್ಲಿ ಅಂಕೋಲಾ ಮತ್ತು ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ನಿಂತರು. ಅಂಕೋಲಾದಲ್ಲಿ ಮುಖ್ಯವಾಗಿ ನಾಡವರು, ಸಿದ್ದಾಪುರದಲ್ಲಿ ಹವ್ಯಕರು. ಸರ್ದಾರ್ ಪಟೇಲರು 1928ರಲ್ಲಿ ಗುಜರಾತಿನ ಬಾರ್ಡೋಲಿಯಲ್ಲಿ ನಡೆಸಿದ ಹೋರಾಟ ಎಲ್ಲರ ಕಣ್ಣ ಮುಂದಿತ್ತು. ಅಂಕೋಲಾಕ್ಕೆ ‘ಕರ್ನಾಟಕದ ಬಾರ್ಡೋಲಿ’ ಅಂತ ಹೆಸರು ಬಂದದ್ದು ಹೀಗೆ.

ಹೆಸರು ಬಂತು, ಜಮೀನು ಹೋಯಿತು. ಸರ್ಕಾರ ಗದ್ದೆ ಜಪ್ತಿ ಮಾಡಿ ಬೇರೆಯವರಿಗೆ ಮಾರಿತು. ತಾನೇ ಹಸನು ಮಾಡಿದ ಗದ್ದೆಯಲ್ಲಿ ಇನ್ನೊಬ್ಬರು ಸಸಿ ನೆಡುವುದನ್ನು ಬದುವಿನಲ್ಲಿ ನಿಂತು ನೋಡುವುದು ಹೇಗಿರುತ್ತೆ ಅಂತ ಒಕ್ಕಲುತನದ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿದ್ದಾಪುರದಲ್ಲಿ ಹೆಣ್ಣುಮಕ್ಕಳು ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ಜೋಗಕ್ಕೆ ಹೋಗುವಾಗ ಸಿಗುವ ಮಾವಿನಗುಂಡಿಯಲ್ಲಿ ಇದರ ಸ್ಮಾರಕ ಐತಿ. ಮುಂದಿನ ಸಲ ಜೋಗದ ರೀಲ್ ಮಾಡಲು ಹೋದವರು ಅಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಿ, ಪ್ಲೀಸ್.

1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಕಾನೂನು ಮಾಡಿ ಜಮೀನು ತಿರುಗಿ ಕೊಡಿಸಲಾಯಿತು. ಅಲ್ಲಿವರೆಗಿನ ವರ್ಷಗಳನ್ನು ಆ ಮನೆಗಳು ಹೇಗೆ ನೂಕಿದವು ಅನ್ನುವುದೇ ನನ್ನ ಪ್ರಕಾರ ಅಂಕೋಲಾದ ನಿಜವಾದ ಸತ್ಯಾಗ್ರಹ. ಏಪ್ರಿಲ್ 13 ಒಂದು ದಿನದ್ದು.

ಅದಕ್ಕೇ ಈಗ ದಂಡೆಯಲ್ಲಿ ಕೈಗವಸು ಹಾಕಿ ಫೋಟೊ ತೆಗೆಸಿಕೊಳ್ಳುವಾಗ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ನಾವು ಎಂಟು ಜನ ಹತ್ತು ಗಂಟೆಗೆ ಚೀಲ ಕಟ್ಟಿಟ್ಟು ಹೋಗುತ್ತೇವೆ. ಆ ಚೀಲ ಗಾಡಿಗೆ ಹೋಗುವ ತನಕ ನಾಯಿ ಹರಿಯದಂತೆ ಕಾಯುವವರು ಮೀನು ಒಣಗಿಸುವ ಅಕ್ಕಂದಿರು. ನಮ್ಮ ಫೋಟೊದಲ್ಲಿ ಅವರಿಲ್ಲ.

ಭಾಗ 5

ಕೊಪ್ಪಳ ಸೀಮೆಯವರು ಆಗ ಅಂಕೋಲಾಕ್ಕೆ ಬಂದರಾ ಅಂತ ಕೇಳುವವರಿಗೆ: ನಾವು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು, ಕೊಪ್ಪಳ ಸಾಲಾರ್‌ಜಂಗರ ಜಾಗೀರು. ಧಾರವಾಡ, ಕಾರವಾರ ಮುಂಬಯಿ ಪ್ರಾಂತ. ಒಂದೇ ರಸ್ತೆ, ಎರಡು ಸರ್ಕಾರ. ನಮ್ಮ ಸ್ವಯಂಸೇವಕರ ಕಾಲ ಬಂದದ್ದು 1947–48ರಲ್ಲಿ. ನಿಜಾಮರ ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ಶಿಬಿರ ನಡೆಯಿತು. ಮುಂಡರಗಿ ನಮಗೆ ಎಷ್ಟು ದೂರ ಅಂತ ನಿಮಗೇ ಗೊತ್ತು.

ಆ ಶಿಬಿರದ ನಾಯಕರ ಹೆಸರು ಪುಸ್ತಕದಾಗ ಅದಾವು. ನನಗೆ ಬೇಕಾದದ್ದು ಬೇರೆ. ನಿಮ್ಮ ಮನೆಯಲ್ಲಿ ಮುತ್ಯಾ, ಅಮ್ಮ ಹೇಳಿದ್ದು ಯಾರಿಗಾದರೂ ನೆನಪಿದ್ದರೆ ಕೆಳಗೆ ಬರೀರಿ: ಶಿಬಿರದವರಿಗೆ ರೊಟ್ಟಿ ಬುತ್ತಿ ಹೋಗ್ತಿದ್ದದ್ದು ಯಾವ ಊರಿನ, ಯಾವ ಓಣಿಯಿಂದ?

#ಇಟಗಿ #ಅಂಕೋಲಾ #ಉಪ್ಪಿನಸತ್ಯಾಗ್ರಹ #ನಮ್ಮರಸ್ತೆನಮ್ಮಇತಿಹಾಸ