ಒಂದು ವಿರಳ ನರರೋಗದ ನಿದಾನಚರಿತ್ರೆ

ಪರೀಕ್ಷಾಸಾಧನಗಳಿಲ್ಲದ ಕಾಲದಲ್ಲಿ ವೈದ್ಯರಿಗೆ ಆಧಾರವಾದುದು ರೋಗಿಯ ಮಾತೇ. ಮಯಾಸ್ತೀನಿಯಾ ಗ್ರೇವಿಸ್ ಎಂಬ ಸ್ನಾಯುದೌರ್ಬಲ್ಯದ ಚರಿತ್ರೆಯಲ್ಲಿ ಆ ಮಾತಿನ ಬೆಲೆಯನ್ನು ನಾವು ಸ್ಪಷ್ಟವಾಗಿ ಕಾಣಬಹುದು.

ಹೆಚ್ಚು ಮಾತನಾಡಿದೊಡನೆ ಧ್ವನಿಯುಡುಗಿ, ವಿಶ್ರಾಂತಿಯ ಬಳಿಕ ಮತ್ತೆ ನುಡಿಯಬಲ್ಲವಳಾಗುತ್ತಿದ್ದ ಸ್ತ್ರೀಯೊಬ್ಬಳನ್ನು ಇಂಗ್ಲೆಂಡಿನ ಥಾಮಸ್ ವಿಲಿಸ್ 1672ರಲ್ಲಿಯೇ ವರ್ಣಿಸಿದ್ದರು. ಆದರೆ 1877ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್ ವರದಿಮಾಡಿದ ತರುಣಿಯ ರೋಗವನ್ನು ಹಿಸ್ಟೀರಿಯಾ ಎಂದೇ ಬಗೆಯಲಾಗಿತ್ತು. ಆಕೆ ಉಸಿರಾಟ ಸೋತು ಮಡಿದಳು. ಶವಪರೀಕ್ಷೆಯಲ್ಲಿ ಮಿದುಳಿನ ವಿಕಾರವಾವುದೂ ಕಾಣಲಿಲ್ಲ.

ಗ್ರೀನಿಚ್ಚಿನ ಆಸ್ಪತ್ರೆಯೊಂದರಲ್ಲಿ ಮೇರಿ ವಾಕರ್ ಈ ರೋಗಕ್ಕೂ ಕುರಾರೆ ವಿಷದ ಪರಿಣಾಮಕ್ಕೂ ಇರುವ ಸಾಮ್ಯವನ್ನು ಗಮನಿಸಿ, 1934ರಲ್ಲಿ ಆ ವಿಷದ ಪ್ರತಿಮದ್ದಾದ ಫೈಸೋಸ್ಟಿಗ್ಮಿನನ್ನು ರೋಗಿಗೆ ಚುಚ್ಚಿದರು. ಬಲವು ಕೆಲಕಾಲ ಮರಳಿತು. ಮುಂದೆ ಇಂತಹ ಔಷಧಗಳೇ ನಿದಾನದ ಪರೀಕ್ಷೆಗಳಾದವು.

ಕಾರಣವು ತಿಳಿದುದು ಅದಕ್ಕೂ ತರುವಾಯ. ದೇಹದ ರಕ್ಷಣಾವ್ಯವಸ್ಥೆಯೇ ನರವೂ ಸ್ನಾಯುವೂ ಸಂಧಿಸುವೆಡೆಯನ್ನು ಬಾಧಿಸುತ್ತದೆಂದು ಜಾನ್ ಸಿಂಪ್ಸನ್ 1960ರಲ್ಲಿ ಊಹಿಸಿದರು. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಅವರು ವಿದ್ಯುತ್‌ಮೀನಿನಿಂದ ಪಡೆದ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಮೊಲಗಳಿಗೆ ಚುಚ್ಚಲು, ಅವುಗಳಲ್ಲಿಯೂ ಅಂತಹುದೇ ದೌರ್ಬಲ್ಯ ತಲೆದೋರಿತು. 1976ರ ವೇಳೆಗೆ ಬಹುಪಾಲು ರೋಗಿಗಳ ರಕ್ತದಲ್ಲಿ ಆ ಗ್ರಾಹಕದ ವಿರುದ್ಧದ ಪ್ರತಿಕಾಯಗಳು ಪತ್ತೆಯಾದವು.

ಉಳಿದವರ ಗತಿಯೇನು? ಅವರಲ್ಲಿ ಅನೇಕರ ರಕ್ತದಲ್ಲಿ ಮಸ್ಕ್ ಎಂಬ ಬೇರೊಂದು ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳಿರುವುದು 2001ರಲ್ಲಿ ತಿಳಿಯಿತು. ಆದುದರಿಂದ ಪರೀಕ್ಷೆಯಲ್ಲಿ ಕಾಣದಿರುವುದು ಇಲ್ಲವೆಂದಲ್ಲ. ಕಾಣುವ ಉಪಾಯ ಇನ್ನೂ ದೊರೆಯದಿರಬಹುದು. ಅಲ್ಲಿಯವರೆಗೆ ರೋಗಿಯ ನುಡಿಯನ್ನು ನಂಬಿ ಕೇಳುವುದೇ ನಿದಾನದ ಮೊದಲ ಹೆಜ್ಜೆಯೆಂದು ನಾವು ತಿಳಿಯುತ್ತೇವೆ.